ಹಗ್ಗದ ಮುಂದಿನ ತುದಿ

ನಮ್ಮತ್ತೆಗೆ ಕಣ್ಣಿಗಿಂತ ಕಾಲು ಚುರುಕು ಅಂತ ದಡದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೇನು, ಹೇಳಿ ಮನೆಗೆ ಹೋಗುತ್ತಾರೆ. ಆ ಹೊಗಳಿಕೆ ಕೇಳಿ ಉಬ್ಬಿದ ಅತ್ತೆಯ ಜೊತೆ ಒಂದೇ ಸೂರಿನಡಿ ಬಾಳಬೇಕಾದವಳು ನಾನು. ಮದುವೆಯಾಗಿ ಬಂದ ವಾರಕ್ಕೇ ನನ್ನನ್ನು ನೀರಿಗಿಳಿಸಿ, "ಕಾಲಡಿ ಏನಿದೆ ಹೇಳು" ಅಂದರು. "ನೆಲ" ಅಂದೆ. ಆ ಒಂದು ಮಾತನ್ನು ಹನ್ನೊಂದು ವರ್ಷದಿಂದ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ನಕ್ಕಿದ್ದಾರೆ. ಬಂದ ನೆಂಟರಿಗೆ ಕುಡಿಯಲು ನೀರು ಕೊಡುವ ಮೊದಲೇ ಇದನ್ನು ಬಡಿಸುತ್ತಿದ್ದರು.

ನಮ್ಮ ಕೆಲಸ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ಸಮುದ್ರಕ್ಕೂ ನಮಗೂ ನಡುವೆ ಉದ್ದಕ್ಕೆ ಒಂದು ಮರಳು ದಿಣ್ಣೆ. ದಿಣ್ಣೆಯ ಈಚೆಗೆ ಹಿನ್ನೀರು. ಅಗಲಕ್ಕೆ ನೋಡಿದರೆ ಇದೇ ಒಂದು ಸಮುದ್ರ, ಆಳ ಮಾತ್ರ ಸೊಂಟದವರೆಗೆ. ಬಲೆ, ದೋಣಿ, ದೊಡ್ಡ ದೊಡ್ಡ ಮಾತು, ಇವೆಲ್ಲ ಗಂಡಸರದು. ಅವರು ದಿಣ್ಣೆ ದಾಟಿ ಆಚೆ ಹೋಗುತ್ತಾರೆ. ಹಿನ್ನೀರು ಹೆಂಗಸರದು. ನಮಗೆ ಬಲೆಯೂ ಇಲ್ಲ, ಗಾಳವೂ ಇಲ್ಲ. ಎರಡು ಕಾಲು, ಎರಡು ಕೈ, ಬೆನ್ನ ಹಿಂದೆ ತೇಲಿಕೊಂಡು ಬರುವ ಒಂದು ಪ್ಲಾಸ್ಟಿಕ್ ಕೊಡ, ಅಷ್ಟೇ.

ನೀರು ಸದಾ ಕದಡಿಯೇ ಇರುವುದರಿಂದ ಕಣ್ಣು ಕೆಲಸಕ್ಕೆ ಬಾರದು. ಪಾದವನ್ನು ಎತ್ತದೆ, ತಳಕ್ಕೆ ಸವರಿಕೊಂಡೇ ನಡೆಯಬೇಕು. ಚಪ್ಪಟೆ ಮೀನು ಕೆಸರು ಹೊದ್ದುಕೊಂಡು ಮಲಗಿರುತ್ತದೆ. ಅಂಗಾಲಿಗೆ ನುಣ್ಣಗೆ ಏನೋ ತಾಕಿದ ಕೂಡಲೇ ಮೆಲ್ಲಗೆ ಒತ್ತಿ ಹಿಡಿದು, ಮೊಣಕಾಲಿನ ಗುಂಟ ಕೈ ಇಳಿಸಿ, ತಲೆಯ ಹಿಂದೆ ಬೆರಳು ಹಾಕಿ ಎತ್ತಿ ಕೊಡಕ್ಕೆ ಹಾಕಬೇಕು. ಕೇಳಲು ಸಲೀಸು. ಮೊದಲ ವರ್ಷ ನಾನು ಹಿಡಿದದ್ದೆಲ್ಲ ಏಡಿ. ಸರಿಯಾಗಿ ಹೇಳಬೇಕೆಂದರೆ ಏಡಿಗಳೇ ನನ್ನನ್ನು ಹಿಡಿದವು.

ಒಬ್ಬೊಬ್ಬರೇ ಇಳಿಯುವ ಹಾಗಿಲ್ಲ. ಐದು ಜನ, ಒಂದು ಹಗ್ಗ. ಮುಂದಿನವರ ಸೊಂಟಕ್ಕೆ ಹಗ್ಗ ಕಟ್ಟಿರುತ್ತದೆ. ಉಳಿದ ನಾಲ್ವರು ಅದನ್ನು ಸಡಿಲವಾಗಿ ಹಿಡಿದು, ಒಬ್ಬರಿಗಿಂತ ಒಬ್ಬರು ಎರಡು ಮಾರು ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ, ಓರೆಯಾಗಿ ನಡೆಯುತ್ತೇವೆ. ಮಾತಾಡುವಂತಿಲ್ಲ, ಮೀನು ಓಡುತ್ತದೆ. ಮುಂದಿನವರು ಕಾಲಡಿ ಇರುವುದನ್ನು ಹಗ್ಗ ಎಳೆದು ತಿಳಿಸುತ್ತಾರೆ. ಒಂದು ಎಳೆತ ಅಂದರೆ ಮರಳು, ಇಲ್ಲೇನಿಲ್ಲ ಸುಮ್ಮನೆ ಬನ್ನಿ. ಎರಡು ಅಂದರೆ ಕೆಸರು, ನಿಧಾನ, ಮೀನಿದೆ. ಮೂರು ಅಂದರೆ ಚಿಪ್ಪು. ಕಾಲಿಟ್ಟರೆ ಬ್ಲೇಡಿನ ಹಾಗೆ ಸೀಳುತ್ತದೆ, ಹಾಗಾಗಿ ನಿಂತು ಎಡಕ್ಕೆ ತಿರುಗಬೇಕು. ಯಾವಾಗಲೂ ಎಡಕ್ಕೇ. ಒಬ್ಬರು ಎಡ, ಇನ್ನೊಬ್ಬರು ಬಲ ಅಂತ ಹೋದರೆ ಹಗ್ಗ ಸಿಕ್ಕಾಗಿ ಎಲ್ಲರೂ ನೀರು ಕುಡಿಯುತ್ತೇವೆ. ಹಿಂದಿನವರು ಮಾತ್ರ ಹಗ್ಗ ಎಳೆಯಕೂಡದು. ಎಳೆದರೆ ಮುಂದಿನವರ ಕಾಲನ್ನು ನಂಬಲಿಲ್ಲ ಅಂತ ಅರ್ಥ, ಅದಕ್ಕಿಂತ ದೊಡ್ಡ ಅವಮಾನ ಹಿನ್ನೀರಿನಲ್ಲಿ ಇಲ್ಲ.

ಮುಂದಿನ ತುದಿ ಮೂವತ್ತೈದು ವರ್ಷದಿಂದ ಅತ್ತೆಯದು. ಎರಡನೆಯವಳು ನಾನು. ಮೂರನೆಯವಳು ಇದೇ ಊರಿಗೆ ಕೊಟ್ಟಿರುವ ನಾದಿನಿ. ನಾಲ್ಕನೆಯವಳು ಟೈಲರಮ್ಮ, ಬೆಳಗ್ಗೆ ಮೀನು, ಮಧ್ಯಾಹ್ನ ಹೊಲಿಗೆ. ಕೊನೆಯಲ್ಲಿ ಅತ್ತೆಯ ಬಾಲ್ಯದ ಗೆಳತಿ ಮೌನಿ. ನಿದ್ದೆಯಲ್ಲೂ ಬಾಯಿ ಮುಚ್ಚದವಳಾದ್ದರಿಂದ ಆ ಹೆಸರು. ಅವಳ ಗುಸುಗುಸುವಿಗೆ ಮೀನು ಓಡದಿರಲಿ ಅಂತಲೇ ಹೊಸಬರ ಜಾಗವಾದ ಕೊನೆಯ ತುದಿಗೆ ಅವಳನ್ನು ತಳ್ಳಿದ್ದರು.

ಆ ಮುಂದಿನ ಜಾಗದ ಮೇಲೆ ನನಗೆ ಕಣ್ಣಿತ್ತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯುರಿ ಅಂದರೆ ಹೊಟ್ಟೆಯುರಿಯೇ. ಹನ್ನೊಂದು ವರ್ಷ ಅತ್ತೆಯ ಬೆನ್ನು ನೋಡಿಕೊಂಡೇ ನಡೆದಿದ್ದೆ. ಯಾವಾಗ ಬಿಟ್ಟುಕೊಡ್ತಾರೋ ಅಂತ ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದೆ.

ಒಂದು ದಿನ ನೀರಿನಿಂದ ಬಂದವರೇ ಅತ್ತೆ ನಾನು ಆಗತಾನೇ ಒರೆಸಿದ ನೆಲದ ಮೇಲೆ ಧಡಧಡ ನಡೆದುಕೊಂಡು ಅಡುಗೆಮನೆಗೆ ಹೋದರು. ಹಿಂದೆಯೇ ಸಾಲಾಗಿ ಕೆಂಪು ಹೆಜ್ಜೆ.

"ಅತ್ತೆ, ಏನು ತುಳ್ಕೊಂಡು ಬಂದ್ರಿ? ಈಗಷ್ಟೇ ಒರೆಸಿದ್ದೆ!"

"ನಾನೆಲ್ಲಿ ತುಳಿದೆ? ನಿನ್ನ ಕಾಲಿನದೇ ಇರಬೇಕು."

ನನ್ನ ಕಾಲು ಒಣಗಿತ್ತು. ಅವರ ಹಿಮ್ಮಡಿ ನೋಡಿದೆ. ಬೆರಳುದ್ದ ಸೀಳು, ಅದರೊಳಗೆ ಚಿಪ್ಪಿನ ಚೂರು ಇನ್ನೂ ಹಾಗೇ ಕೂತಿತ್ತು. ಅದನ್ನು ನಾನು ಕೀಳುವಾಗಲೂ ಅತ್ತೆ ನನ್ನ ತಲೆಯ ಮೇಲಿಂದ ಒಲೆಯ ಕಡೆ ನೋಡುತ್ತಾ, "ಹಾಲು ಉಕ್ಕುತ್ತೆ, ಬೇಗ ಮಾಡು" ಅಂದರು.

ನನಗೆ ಅನುಮಾನ ಬಂತು. ಎರಡು ವರ್ಷದಿಂದ ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದದ್ದು ಗೊತ್ತಿತ್ತು, ಆ ಕಾಯಿಲೆಗೆ ಕಾಲು ಜೋಮು ಹಿಡಿಯುತ್ತದೆ ಅಂತಲೂ ಕೇಳಿದ್ದೆ. ಮಾರನೆಯ ದಿನ ಅವರು ಟೀವಿ ಮುಂದೆ ಕಾಲು ಚಾಚಿ ಕೂತಿದ್ದಾಗ, ಬಟ್ಟೆ ಒಣಗಿಸುವ ಕ್ಲಿಪ್ಪೊಂದನ್ನು ಮೆಲ್ಲಗೆ ಅವರ ಕಾಲಿನ ಕಿರುಬೆರಳಿಗೆ ಸಿಕ್ಕಿಸಿದೆ. ತಪ್ಪೇ, ಆದರೆ ಮಾಡಿದೆ. ಒಂದು ಗುಡುಗು ಬೀಳುತ್ತದೆ, ಇಬ್ಬರೂ ಬೈದಾಡಿಕೊಳ್ಳುತ್ತೇವೆ ಅಂದುಕೊಂಡಿದ್ದೆ. ಅತ್ತೆ ಟೀವಿ ನೋಡಿದರು, ಖಳನಾಯಕಿಗೆ ಶಾಪ ಹಾಕಿದರು, ಎದ್ದು ಅಂಗಳಕ್ಕೆ ಹೋಗಿ ಗಿಡಕ್ಕೆ ನೀರು ಹಾಕಿ ಬಂದರು. ಬೆರಳಿಗೆ ನೀಲಿ ಕ್ಲಿಪ್ಪು ಹಾಗೇ ಇತ್ತು. ನಗಬೇಕು ಅಂತಲೇ ಹಾಕಿದವಳಿಗೆ ನಗು ಬರಲಿಲ್ಲ. ಅವರಿಗೆ ಜೊಂಪು ಹತ್ತಿದ ಹೊತ್ತು ನೋಡಿ ಕ್ಲಿಪ್ಪನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡೆ.

ಆಮೇಲೆ ಒಂದೊಂದೇ ನೆನಪಾಯಿತು. ಮೂರು ಎಳೆತ ಬರುವುದು ತಡವಾಗಿ ಟೈಲರಮ್ಮನ ಕಾಲ್ಬೆರಳು ಕುಯ್ದಿತ್ತು. "ನಿನ್ನ ಗಮನವೆಲ್ಲ ಸೂಜಿ ಮೇಲೆ" ಅಂತ ಅತ್ತೆ ಅವಳನ್ನೇ ಗದರಿದ್ದರು. ಮರಳಿನ ಮೇಲೆ ಎರಡು ಎಳೆದು ನಮ್ಮನ್ನೆಲ್ಲ ಸುಮ್ಮನೆ ತಡಕಾಡಿಸಿದ್ದರು. ಅವರು ಕಾಲಿನಿಂದ ನಡೆಯುತ್ತಿರಲಿಲ್ಲ, ಮೂವತ್ತೈದು ವರ್ಷದ ನೆನಪಿನಿಂದ ನಡೆಯುತ್ತಿದ್ದರು. ಆದರೆ ಹಿನ್ನೀರಿನ ತಳ ನಿಂತಲ್ಲಿ ನಿಲ್ಲುವುದಿಲ್ಲ; ಒಂದು ದೊಡ್ಡ ಉಬ್ಬರ ಬಂದರೆ ನಿನ್ನೆಯ ಕೆಸರಿನ ಮೇಲೆ ಇವತ್ತು ಮರಳು.

ಈಗ ನಾನು ಬಾಯಿ ಬಿಟ್ಟರೆ ಸಾಕಿತ್ತು. ಮುಂದಿನ ಜಾಗ ನನ್ನದು. ಅತ್ತೆಯನ್ನು ದಡದ ತಗಡಿನ ಶೆಡ್ಡಿಗೆ, ಮೀನು ಆರಿಸುವ ಮುದುಕಿಯರ ಸಾಲಿಗೆ ಕೂರಿಸುತ್ತಿದ್ದರು. ಆದರೆ ಮಾವ ತೀರಿಕೊಂಡ ವರ್ಷ ನನಗೆ ಮರೆತಿರಲಿಲ್ಲ. ಆಗ ಅತ್ತೆ ಮೂರು ತಿಂಗಳು ನೀರಿಗಿಳಿದಿರಲಿಲ್ಲ. ಮನೆಯಲ್ಲಿ ಮಾತಿಲ್ಲ, ಬೈಗುಳವಿಲ್ಲ, ನನ್ನ ಕೆಲಸದಲ್ಲಿ ಹುಳುಕು ಹುಡುಕುವವರಿಲ್ಲ. ಕೊಟ್ಟರೆ ಉಣ್ಣುವರು, ಇಲ್ಲದಿದ್ದರೆ ಗೋಡೆ ನೋಡುವರು. ಮತ್ತೆ ನೀರಿಗಿಳಿದ ದಿನವೇ ಸಂಜೆ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ಳಿದ್ದರು. ಆವತ್ತು ನಾನು ಸಂತೋಷದಿಂದ ಎರಡನೇ ಸಲ ಅಡುಗೆ ಮಾಡಿದ್ದೆ. ಆ ಗೋಡೆ ನೋಡುವ ಅತ್ತೆ ನನಗೆ ಮತ್ತೆ ಬೇಡವಾಗಿತ್ತು. ಜಾಗ ಹಾಳಾಗಿ ಹೋಗಲಿ ಅಂದುಕೊಂಡೆ.

ಮರುದಿನ ನೀರಿನಲ್ಲಿ ನಾನು ಮೆಲ್ಲಮೆಲ್ಲಗೆ ಎರಡು ಮಾರು ಹಿಂದಿರಬೇಕಾದ ನನ್ನ ಜಾಗ ಬಿಟ್ಟು ಮುಂದೆ ಸರಿದೆ. ಹೆಚ್ಚುಕಡಿಮೆ ಅತ್ತೆಯ ಪಕ್ಕಕ್ಕೇ ಬಂದೆ. ನನ್ನ ಅಂಗಾಲಿಗೆ ಕೆಸರು ಸಿಕ್ಕಿತು. ಹಗ್ಗವನ್ನು ಎರಡು ಬೆರಳಿನಿಂದ, ಗಾಳಿ ತಾಕಿದಷ್ಟು ಹಗುರವಾಗಿ, ಎರಡು ಸಲ ಎಳೆದೆ. ಅತ್ತೆಯ ಬೆನ್ನು ಒಂದು ಕ್ಷಣ ಸೆಟೆದು ನಿಂತಿತು. ಆಮೇಲೆ ಅವರು, ಏನೂ ಆಗದವರ ಹಾಗೆ, ತಾವೇ ಕಂಡುಹಿಡಿದವರ ಠೀವಿಯಲ್ಲಿ, ಹಿಂದಕ್ಕೆ ಎರಡು ಸಲ ಎಳೆದರು. ನಾವೆಲ್ಲ ಬಾಗಿ ಕೊಡ ತುಂಬಿಸಿಕೊಂಡೆವು.

ಮನೆಗೆ ಬಂದ ಮೇಲೆ ಅವರೂ ಸೊಲ್ಲೆತ್ತಲಿಲ್ಲ, ನಾನೂ ಎತ್ತಲಿಲ್ಲ. ಈರುಳ್ಳಿ ದಪ್ಪ ಹೆಚ್ಚಿದ್ದಕ್ಕೆ ಎಂದಿನಂತೆ ಜಗಳವಾಡಿದೆವು. ಎರಡು ತಿಂಗಳು ಹೀಗೇ ನಡೆಯಿತು. ನೀರಿನಲ್ಲಿ ನಾನು ಅವರ ಕಾಲು, ನೀರಿನಿಂದ ಹೊರಗೆ ಅವರು ನನ್ನ ತಲೆನೋವು. ನಡುನಡುವೆ ಹಗ್ಗ ನನ್ನ ಮುಷ್ಟಿಯೊಳಗೆ ತಾನಾಗಿಯೇ ಜಾರಿದ ಹಾಗೆ ಅನಿಸುತ್ತಿತ್ತು. ನೀರಿನ ಸೆಳೆತ ಇರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಆಮೇಲೆ ಬಂತು ಆ ಮಂಗಳವಾರ. ಹಿಂದಿನ ದಿನವಷ್ಟೇ ದೊಡ್ಡ ಉಬ್ಬರ ಬಂದು ಹೋಗಿತ್ತು. ಬೆಳಗ್ಗೆ ಬಿಸಿಲು ಹದವಾಗಿತ್ತು, ದೋಣಿ ನಿಲ್ಲುವ ಜೆಟ್ಟಿಯ ಹತ್ತಿರದ ಗುರುತಿನ ಕಂಬದಿಂದ ಹೊರಟೆವು. ಹತ್ತು ಹೆಜ್ಜೆಗೆ ನನ್ನ ಕಾಲಿಗೆ ಕೆಸರು ಸಿಕ್ಕಿತು, ಎರಡು ಎಳೆದೆ. ಅತ್ತೆ ನಿಧಾನಿಸಿದರು, ಮರುಗಳಿಗೆಯೇ ನಿಂತು ಎಡಕ್ಕೆ ತಿರುಗಿದರು. ನನಗೆ ಅರ್ಥವಾಗಲಿಲ್ಲ. ಚಿಪ್ಪು ಎಲ್ಲಿದೆ? ಹೋಗಲಿ ಅಂತ ಹಿಂದೆಯೇ ತಿರುಗಿದೆ. ಮತ್ತೆ ಮರಳು, ಒಂದು ಎಳೆದೆ. ಅತ್ತೆ ನಡೆದರು, ಬಾಗಿದರು, ಮತ್ತೆ ನಿಂತರು, ಮತ್ತೆ ಎಡಕ್ಕೆ. ಅವರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿಕೊಂಡು, ತುಟಿ ಬಿಗಿಹಿಡಿದು, ಪರೀಕ್ಷೆ ಬರೆಯುವವರ ಹಾಗೆ ನಡೆಯುತ್ತಿದ್ದರು. ಎರಡು ಗಂಟೆ ಹೀಗೆ ಸುತ್ತಿದೆವು. ಕೊಡದಲ್ಲಿ ಎರಡು ಏಡಿ, ಅವೂ ಬೇಸರದಿಂದ ಕೂತಿದ್ದವು.

ಆಗ ಜೆಟ್ಟಿಯ ಕಡೆಯಿಂದ ಗಟ್ಟಿ ದನಿ ಕೇಳಿತು. ನಮ್ಮವರು. ದಡದಿಂದ ದಿಣ್ಣೆಗೆ ಜನರನ್ನು ದಾಟಿಸುವ ದೋಣಿ ಅವರದು. ದೋಣಿಯ ತುಂಬ ಜನ, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

"ಅಮ್ಮಾ, ನಾನು ನಾಲ್ಕು ಸಲ ಹೋಗಿ ಬಂದೆ, ನೀವು ಬೆಳಗ್ಗೆಯಿಂದ ಆ ಕಂಬದ ಸುತ್ತಲೇ ಪ್ರದಕ್ಷಿಣೆ ಹಾಕ್ತಾ ಇದ್ದೀರಲ್ಲ! ಏನು ಹರಕೆ?"

ತಲೆಯೆತ್ತಿ ನೋಡಿದರೆ ನಿಜ. ಹೊರಟ ಕಂಬದ ಪಕ್ಕದಲ್ಲೇ ನಿಂತಿದ್ದೆವು. ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿತ್ತು. ಓರೆಯಾಗಿ, ಒಬ್ಬರ ಹಿಂದೆ ಒಬ್ಬರು ಇರಬೇಕಾದ ಐದೂ ಜನ, ಶಾಲೆಯ ಮಕ್ಕಳ ಹಾಗೆ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ಹತ್ತಿಸಿಕೊಂಡು ನಿಂತಿದ್ದೆವು. ನಾನು ಮಾತ್ರ ಮುಂದೆ ಸರಿದಿದ್ದೇನೆ ಅಂದುಕೊಂಡಿದ್ದೆ. ಎಲ್ಲರೂ ಸರಿದಿದ್ದರು. ಎಲ್ಲರ ಕೈಯಲ್ಲೂ ಹಗ್ಗ ಬಿಗಿಯಾಗಿತ್ತು.

ಅತ್ತೆ ಹಗ್ಗ ನೋಡಿದರು. ನಮ್ಮ ಒಂದೊಂದು ಮುಖ ನೋಡಿದರು.

"ಯಾರ್ಯಾರು ಎಳೀತಿದ್ದೀರಿ?"

ಮೊದಲು ನಾನೇ ಕೈಯೆತ್ತಿದೆ. "ನಾನು ಅತ್ತೆ. ಎರಡು ತಿಂಗಳಿಂದ."

"ನಾನೂ ಅಮ್ಮ" ಅಂದಳು ನಾದಿನಿ. "ಹೋದ ಮಳೆಗಾಲದಿಂದ. ಅತ್ತಿಗೆ ಹತ್ರ ಹೇಳಿದ್ರೆ ಜಾಗ ಕಿತ್ಕೊಳ್ತಾರೆ ಅಂತ ಹೇಳಲಿಲ್ಲ."

ಅವಳನ್ನು ಅಲ್ಲೇ ಮುಳುಗಿಸಬೇಕು ಅನಿಸಿತು, ಆದರೆ ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತಲ್ಲ.

"ನನ್ನ ಬೆರಳು ಕುಯ್ದಾಗಲೇ ಗೊತ್ತಾಯ್ತು ದೊಡ್ಡಮ್ಮ" ಅಂದಳು ಟೈಲರಮ್ಮ. "ಆದ್ರೆ ಎಳೆದಿದ್ದು ಇವತ್ತೇ ಮೊದಲು. ನನ್ನ ಕಾಲಡಿ ಬರೀ ಚಿಪ್ಪು, ಹೋದಲ್ಲೆಲ್ಲ ಚಿಪ್ಪು. ಏನು ಮಾಡಲಿ?"

ಎಲ್ಲರೂ ಮೌನಿಯ ಕಡೆ ತಿರುಗಿದೆವು. ಅವಳು ನೀರಿನಲ್ಲಿ ಕೈಯಾಡಿಸುತ್ತಿದ್ದಳು.

"ನಿನ್ನ ಕಾಲು ಜೋಮು ಹಿಡಿದಿದೆ ಅಂತ ನೀನೇ ಒಂದು ಸಲ ಹೇಳಿದ್ದೆಯಲ್ಲ ಅಕ್ಕ, ಆವತ್ತಿಂದ. ಎರಡು ವರ್ಷ ಆಯ್ತೇನೋ."

ಎರಡು ವರ್ಷ! ನೆರೆಮನೆಯ ಬೆಕ್ಕು ಮರಿ ಹಾಕಿದರೆ ಅರ್ಧ ಗಂಟೆಯೊಳಗೆ ಇಡೀ ಓಣಿಗೆ ಸುದ್ದಿ ಮುಟ್ಟಿಸುವ ಹೆಂಗಸು ಇದನ್ನು ಎರಡು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ನನಗೆ ಅವಳ ಮೇಲೆ ಆವತ್ತು ಬಂದ ಗೌರವ ಇನ್ನೂ ಇಳಿದಿಲ್ಲ.

ಏನಾಗಿತ್ತು ಅಂತ ಆಗ ತಿಳಿಯಿತು. ಉಬ್ಬರ ತಳವನ್ನೆಲ್ಲ ತಿರುವಿಹಾಕಿತ್ತು. ಒಂದೊಂದು ಹೆಜ್ಜೆಗೆ ಒಂದೊಂದು ನೆಲ. ನನ್ನ ಕಾಲಡಿ ಕೆಸರು, ನಾದಿನಿಯ ಕಾಲಡಿ ಮರಳು, ಟೈಲರಮ್ಮನಿಗೆ ಚಿಪ್ಪು, ಮೌನಿಗೆ ಮತ್ತೆ ಕೆಸರು. ನಾವು ನಾಲ್ವರೂ ಸತ್ಯವನ್ನೇ ಹೇಳಿದ್ದೆವು, ನಾಲ್ಕು ಸತ್ಯ ಒಂದೇ ಸೊಂಟಕ್ಕೆ ಬಂದು ಬಿದ್ದಿದ್ದವು.

ಅತ್ತೆ ಸೊಂಟದ ಗಂಟು ಬಿಚ್ಚಿದರು. ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡರು. "ಸಾಕು" ಅಂದರು. ದಡಕ್ಕೆ ಹೊರಟರು.

ಮೂರು ದಿನ ಅವರು ಬಾಗಿಲ ಮೆಟ್ಟಿಲ ಮೇಲೆ ಕೂತರು. ಮೂರು ದಿನ ನಾವು ನಾಲ್ವರೂ ನೀರಿಗಿಳಿಯಲಿಲ್ಲ. ಹಗ್ಗ ಅವರ ಬಳಿ ಇತ್ತು, ಕೇಳುವ ಧೈರ್ಯ ಯಾರಿಗಿತ್ತು? ನಾನು ಬೇಕೆಂದೇ ಉಪ್ಪು ಹೆಚ್ಚು ಹಾಕಿದೆ, ಉಂಡು ಎದ್ದರು. ಈರುಳ್ಳಿ ಹೆಬ್ಬೆರಳಿನ ಗಾತ್ರಕ್ಕೆ ಹೆಚ್ಚಿದೆ, ಅದನ್ನೂ ಉಂಡರು. ಎರಡನೆಯ ದಿನ ಒಬ್ಬರೇ ಆಸ್ಪತ್ರೆಗೆ ಹೋಗಿ ಬಂದರು, ಡಾಕ್ಟರು ಏನಂದರು ಅಂತ ಹೇಳಲಿಲ್ಲ. ನಮ್ಮವರು, "ಮನೆ ಎಷ್ಟು ಶಾಂತವಾಗಿದೆ ಅಲ್ವಾ" ಅಂದರು. ಅವರ ಮೇಲೆ ನಾನು ಸೌಟು ಎಸೆದೆ. ತಾಕಲಿಲ್ಲ, ತಾಕಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು.

ನಾಲ್ಕನೆಯ ಬೆಳಗ್ಗೆ ಎದ್ದು ನೋಡಿದರೆ ಮೆಟ್ಟಿಲು ಖಾಲಿ. ಕೈಗೆ ಸಿಕ್ಕ ಕೊಡ ಎತ್ತಿಕೊಂಡು ದಡಕ್ಕೆ ಓಡಿದೆ. ಅತ್ತೆ ನೀರಿನಂಚಿನಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಕಾಲಿಗೆ ದಪ್ಪ ರಬ್ಬರ್ ತಳದ ಬಿಳೀ ಕ್ಯಾನ್ವಾಸ್ ಶೂ, ಲೇಸು ಎರಡು ಗಂಟು ಹಾಕಿ ಬಿಗಿದದ್ದು. ನಮ್ಮ ಹಿನ್ನೀರಿನಲ್ಲಿ ಶೂ ಹಾಕುವವರು ಫೋಟೋ ತೆಗೆಯಲು ಬರುವ ಹೊರಗಿನವರು ಮಾತ್ರ. ಶೆಡ್ಡಿನ ಮುದುಕಿಯರು ಮೀನು ಬಿಟ್ಟು ಅವರ ಕಾಲನ್ನೇ ನೋಡುತ್ತಿದ್ದರು. ಅತ್ತೆ ಕಾಲು ಮರೆಮಾಡಿಕೊಂಡಿರಲಿಲ್ಲ, ಇನ್ನೂ ಸ್ವಲ್ಪ ಮುಂದಕ್ಕೇ ಚಾಚಿ ಕೂತಿದ್ದರು.

"ನೋಡ್ತೀರೇನು? ಕಾಲಿಗೆ ಹೇಗೂ ಏನೂ ಗೊತ್ತಾಗಲ್ಲ. ಶೂ ಹಾಕ್ಕೊಂಡ್ರೆ ನಂಗೇನು ನಷ್ಟ?" ಅಂದರು ಎಲ್ಲರಿಗೂ ಕೇಳುವ ಹಾಗೆ. ಮೌನಿ ಆಗಲೇ ಬಂದು ನಗುತ್ತಿದ್ದಳು. ನಾದಿನಿಯೂ ಟೈಲರಮ್ಮನೂ ಕೊಡ ಹಿಡಿದು ನಿಂತಿದ್ದರು. ನನಗೊಬ್ಬಳಿಗೇ ಹೇಳಿಕಳಿಸಿರಲಿಲ್ಲ.

"ಬಾ ಇಲ್ಲಿ" ಅಂತ ಕರೆದರು. ಹೋದೆ. ಹಗ್ಗವನ್ನು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕತೊಡಗಿದರು.

"ನಾನು ಕೊನೆಗೆ ಬರ್ತೀನಿ. ನಿಮ್ಮ ಕಾಲಿಂದ ತಪ್ಪಿಸ್ಕೊಂಡ ಮೀನೆಲ್ಲ ಅಲ್ಲಿಗೇ ನುಗ್ಗೋದು, ಅದಕ್ಕೆ ಕೈ ಸಾಕು. ನನ್ನ ಕೈಗೇನೂ ಆಗಿಲ್ಲ." ಗಂಟನ್ನು ಒಂದು ಸಲ ಜಗ್ಗಿ ನೋಡಿದರು. ತಲೆ ಎತ್ತದೆ ಕೇಳಿದರು, "ಆವತ್ತು ಮೇಲಿಂದ ಮೇಲೆ ಎಡಕ್ಕೆ ತಿರುಗಿಸಿದ್ದು ನೀನಲ್ವಾ?"

"ಒಂದು ಸಲವೂ ಅಲ್ಲ ಅತ್ತೆ. ಎಲ್ಲ ಟೈಲರಮ್ಮ."

"ಹೌದಾ?" ಅಂದರು. ಇನ್ನೊಂದು ಗಂಟು ಹಾಕಿದರು. "ನಾನು ಎಲ್ಲ ನೀನೇ ಅಂದ್ಕೊಂಡಿದ್ದೆ. ಕಂಬ ನಂಗೆ ಆಗಲೇ ಕಾಣಿಸಿತ್ತು. ಸುತ್ತುತ್ತಾ ಇದ್ದೀವಿ ಅಂತ ಗೊತ್ತಾಗಿತ್ತು. ಆದ್ರೂ ತಿರುಗಿದೆ. ನೀನು ಹೇಳ್ತಿದ್ದೀಯ ಅಂದ್ಮೇಲೆ ಅಲ್ಲಿ ಏನೋ ಇರಬೇಕು ಅಂತ."

ಹನ್ನೊಂದು ವರ್ಷದಲ್ಲಿ ನಾನು ಹಾಕಿದ ಉಪ್ಪನ್ನು ನಂಬದವರು, ನಾನು ಹೇಳಿದೆ ಅಂದುಕೊಂಡು ಎರಡು ಗಂಟೆ, ಊರೆಲ್ಲ ನೋಡುತ್ತಿರುವಾಗ, ಕಂಬ ಸುತ್ತಿದ್ದರು. ಅವರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹಿಂದಕ್ಕೆ ಹೋದರು.

ನೀರಿಗಿಳಿದೆವು. ಮೊಣಕಾಲು, ತೊಡೆ, ಸೊಂಟ. ಅಷ್ಟು ವರ್ಷ ಆಸೆಪಟ್ಟ ಜಾಗದಲ್ಲಿ ನಿಂತಿದ್ದೆ, ಮುಂದೆ ಯಾರ ಬೆನ್ನೂ ಇರಲಿಲ್ಲ, ಬಿಸಿಲು ಬಿದ್ದ ಬರೀ ನೀರು. ಖುಷಿಪಡೋಣ ಅಂದರೆ ಅಳು ಬಂತು. ಅತ್ತೆಯ ಬೆನ್ನಿಲ್ಲದ ಹಿನ್ನೀರು ತುಂಬಾ ದೊಡ್ಡದಾಗಿ ಕಂಡಿತು. ಮುಖಕ್ಕೆ ನೀರು ಚಿಮುಕಿಸಿಕೊಂಡೆ, ಯಾರಿಗೂ ಗೊತ್ತಾಗದಿರಲಿ ಅಂತ.

"ಏ, ಅತ್ತಿದ್ದು ಸಾಕು, ನಡಿಯೇ!" ಹಗ್ಗದ ಕೊನೆಯಿಂದ ಅತ್ತೆ, ಇದ್ದ ಮೀನೆಲ್ಲ ಸಮುದ್ರ ಸೇರುವ ಹಾಗೆ ಕೂಗಿದರು. "ನೀನು ಹೇಳದೆ ನಾವು ಯಾರೂ ಹೆಜ್ಜೆ ಇಡಲ್ಲ."

ನಾನು ಪಾದ ಮುಂದಕ್ಕೆ ಸವರಿದೆ. ಮೊದಲು ಮರಳು, ಆಮೇಲೆ ಮೆತ್ತಗೆ, ಬೆರಳ ಸಂದಿಗೆ ತಣ್ಣಗೆ ನುಗ್ಗಿದ ಕೆಸರು. ತಪ್ಪಬಾರದು ಅಂತ ಇನ್ನೊಂದು ಸಲ ಸವರಿ ನೋಡಿ, ಹಗ್ಗವನ್ನು ಎರಡು ಸಲ ಎಳೆದೆ.